ಓದುಗರ ಸ್ಪಂದನ: ಮುಖವಾಡ ತೊಟ್ಟು ಕಣಕ್ಕಿಳಿಯಲು ಹೊರಟ ತಮ್ಮ

ಸಮಸ್ಯೆ: ದಾವಣಗೆರೆಯ ಗರಡಿಯಲ್ಲಿ ಬೆಳೆದ ನನ್ನ ತಮ್ಮ ಈಗ ಮೆಕ್ಸಿಕೊದ ಗ್ವಾದಲಹಾರಾದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಅಲ್ಲಿನ ಮುಖವಾಡದ ಕುಸ್ತಿ, ಲೂಚಾ ಲೀಬ್ರೆ ಕಲಿತಿದ್ದಾನೆ. ಇನ್ನು ಕೆಲವೇ ತಿಂಗಳಲ್ಲಿ ದುಡ್ಡಿಗೆ ಆಡುತ್ತಾನಂತೆ. ಆಂಜನೇಯನ ಮುಖದ ಮುಖವಾಡ ಹೊಲಿಸಬೇಕೆಂದಿದ್ದಾನೆ. “ಮುಖ ಕಾಣಿಸೋದಿಲ್ಲ, ಕಂಪನಿಗೆ ಗೊತ್ತಾಗೋದಿಲ್ಲ. ಎಲ್ಲ ಮಾತಾಡಿಕೊಂಡು ಆಡೋ ಆಟ, ಪೆಟ್ಟಾಗೋದಿಲ್ಲ” ಅನ್ನುತ್ತಾನೆ. ಅಪ್ಪ ಅಮ್ಮನಿಗೆ ನಿದ್ದೆಯಿಲ್ಲ. ತಡೆಯಲೋ, ಬಿಡಲೋ?
— ಒಬ್ಬ ಅಕ್ಕ, ದಾವಣಗೆರೆ

ಸೋದರಿ,
ತಡೆಯುವ ಮಾತು ಆಮೇಲೆ. ಮೊದಲು ನಿಮ್ಮ ತಮ್ಮನ ಒಂದು ತಪ್ಪು ಲೆಕ್ಕವನ್ನು ಸರಿಪಡಿಸಿ. ಮುಖವಾಡ ಅವನನ್ನು ಜನರ ಕಣ್ಣಿನಿಂದ ಮರೆಮಾಡುತ್ತದೆ, ಕಾಗದಪತ್ರದಿಂದ ಮರೆಮಾಡುವುದಿಲ್ಲ. ಅಲ್ಲಿ ವೃತ್ತಿಪರ ಲೂಚಾದೋರ್ (ಲೂಚಾ ಕುಸ್ತಿಪಟು) ಆಗಲು ಬಾಕ್ಸಿಂಗ್ ಮತ್ತು ಲೂಚಾ ಆಯೋಗದ ಪರವಾನಗಿ ಪಡೆಯಬೇಕು. ಅದಕ್ಕೆ ಪರೀಕ್ಷೆಯಿದೆ. ದಮ್ಮು, ಬೀಳುವ ರೀತಿ, ಒಲಿಂಪಿಕ್ ಮತ್ತು ಗ್ರೀಕೋ-ರೋಮನ್ ಕುಸ್ತಿ, ಪಟ್ಟು ಹಾಕುವುದು, ಬಿಡಿಸಿಕೊಳ್ಳುವುದು ಎಲ್ಲವನ್ನೂ ನೋಡುತ್ತಾರೆ. ವೈದ್ಯರ ತಪಾಸಣೆಯೂ ಇದೆ. ಕಣದ ಹೆಸರು ಏನೇ ಇರಲಿ, ಆ ಕಡತದಲ್ಲಿ ಇರುವುದು ಅಸಲಿ ಹೆಸರು.

ಇನ್ನೊಂದು ವಿಷಯ, ಅಲ್ಲಿ ಮುಖವಾಡವೇ ಪಣ. ‘ಮಾಸ್ಕರಾ ಕೊಂತ್ರಾ ಮಾಸ್ಕರಾ’ (ಮುಖವಾಡಕ್ಕೆ ಮುಖವಾಡ) ಪಂದ್ಯದಲ್ಲಿ ಸೋತವನು ಕಣದಲ್ಲೇ ಮುಖವಾಡ ಕಳಚಿ ತನ್ನ ಹೆಸರು, ಊರು, ಎಷ್ಟು ವರ್ಷದ ಅನುಭವ ಎಂಬುದನ್ನು ಹೇಳಬೇಕು. ಅದು ಪತ್ರಿಕೆಗಳಲ್ಲಿ ಬರುತ್ತದೆ. ಕಳೆದುಕೊಂಡ ಮುಖವಾಡವನ್ನು ಮತ್ತೆ ತೊಡುವಂತಿಲ್ಲ. ಜನ ಎಲ್ ಸಾಂತೊವನ್ನು ನೆನೆಯುತ್ತಾರೆ. 1942ರಲ್ಲಿ ಬೆಳ್ಳಿ ಮುಖವಾಡ ತೊಟ್ಟವನು, 1952ರಲ್ಲಿ ಬ್ಲ್ಯಾಕ್ ಶ್ಯಾಡೊನ ಮುಖವಾಡ ಗೆದ್ದವನು, ತನ್ನದನ್ನು ಎಂದೂ ಸೋಲದೆ 1984ರಲ್ಲಿ ಅದರೊಂದಿಗೇ ಮಣ್ಣಾದವನು. ಅಂಥವರು ಬೆರಳೆಣಿಕೆ. ನಿಮ್ಮ ತಮ್ಮ ನೋಡಬೇಕಾದ್ದು ಊಲ್ತಿಮೊ ಗೆರೇರೊನ ದಾರಿ. 2014ರಲ್ಲಿ ಅರೇನಾ ಮೆಹಿಕೊದಲ್ಲಿ ಅಟ್ಲಾಂಟಿಸ್‌ಗೆ ಮುಖವಾಡ ಸೋತ ಮೇಲೂ ಅವನು ಬರಿ ಮುಖದಲ್ಲಿ ಮುಂಚೂಣಿಯಲ್ಲೇ ಉಳಿದ, ಏಕೆಂದರೆ ಆಟ ಅವನ ಕೈಯಲ್ಲಿತ್ತು. ಮುಖವಾಡ ಹೋದರೂ ಜನ ಟಿಕೆಟ್ ಕೊಂಡು ನೋಡುವಷ್ಟು ಕಲಿತಿದ್ದಾನೆಯೇ ಎಂದು ಅವನನ್ನು ಕೇಳಿ.

ಹೆಸರು ಯಾರದೆಂಬುದನ್ನು ಮೊದಲ ಪಂದ್ಯಕ್ಕೆ ಮೊದಲೇ ಬರಹದಲ್ಲಿ ಇತ್ಯರ್ಥ ಮಾಡಿಕೊಳ್ಳಲಿ. ಸಂಸ್ಥೆ ಕೊಟ್ಟ ಹೆಸರು ಸಂಸ್ಥೆಯದೇ. 2004ರಿಂದ ಅಲ್ಲಿನ ಲೂಚಾ ಸಂಸ್ಥೆ ಸಿಎಂಎಲ್ಎಲ್‌ನಲ್ಲಿ ಮಿಸ್ತಿಕೊ ಆಗಿ ಮನೆಮಾತಾದವನು 2011ರಲ್ಲಿ ಅಮೆರಿಕಕ್ಕೆ ಹೋದಾಗ ಸಿನ್ ಕಾರಾ ಆಗಬೇಕಾಯಿತು. ಮರುವರ್ಷ ಮಿಸ್ತಿಕೊ ಹೆಸರಿನಲ್ಲಿ ಬೇರೊಬ್ಬ ಕಣಕ್ಕಿಳಿದ. 2015ರಲ್ಲಿ ಹಳೆಯ ಸಂಸ್ಥೆಗೆ ಮರಳಿದಾಗಲೂ ಅವನು ಕಾರಿಸ್ತಿಕೊ. ಹಳೆಯ ಹೆಸರು ಕೈಸೇರಿದ್ದು 2021ರಲ್ಲಿ. ತಮ್ಮ ತಾನೇ ಕಟ್ಟಿದ ಹೆಸರು, ತಾನೇ ಬರೆದ ವಿನ್ಯಾಸವಾದರೆ ಆಯೋಗದಲ್ಲಷ್ಟೇ ಅಲ್ಲ, ಅಲ್ಲಿನ ಕೈಗಾರಿಕಾ ಸ್ವತ್ತಿನ ಸಂಸ್ಥೆ ಐಎಂಪಿಐನಲ್ಲೂ ಟ್ರೇಡ್‌ಮಾರ್ಕ್ ಮಾಡಿಸಲಿ.

ಕಂಪನಿಗೆ ತಾನೇ ಹೇಳಿಬಿಡುವುದು ಕ್ಷೇಮ. ನೌಕರಿಯ ಒಪ್ಪಂದದಲ್ಲಿ ಹೊರಗಿನ ಸಂಪಾದನೆಯ ಷರತ್ತು ಏನಿದೆ, ವಾಸದ ಕಾರ್ಡಿನ ಮೇಲೆ ಎರಡನೆಯ ದುಡಿಮೆಗೆ ಅವಕಾಶ ಇದೆಯೇ ಎಂದು ವಲಸೆ ವಕೀಲರಿಂದ ತಿಳಿದುಕೊಳ್ಳಲಿ. ಪಂದ್ಯದ ದುಡ್ಡಿಗೆ ತೆರಿಗೆ ನೋಂದಣಿಯೂ ಬೇಕು. ಎಲ್ಲಕ್ಕಿಂತ ಮುಖ್ಯ, ಕಂಪನಿಯ ಆರೋಗ್ಯ ವಿಮೆಯಲ್ಲಿ ‘ಯಾವುದಕ್ಕೆ ಪರಿಹಾರವಿಲ್ಲ’ ಎಂಬ ಪುಟವನ್ನು ಓದಲಿ. ದುಡ್ಡಿಗೆ ಆಡುವ ಕ್ರೀಡೆಯ ಗಾಯವನ್ನು ವಿಮೆಯವರು ಸಾಮಾನ್ಯವಾಗಿ ಹೊರಗಿಡುತ್ತಾರೆ. ಪ್ರತ್ಯೇಕ ವಿಮೆ ಕೈಗೆ ಬರುವ ತನಕ ಕಣಕ್ಕಿಳಿಯಬೇಡ ಎಂದು ಅಪ್ಪ ಪಟ್ಟು ಹಿಡಿದರೆ ಅದರಲ್ಲಿ ತಪ್ಪೇನಿಲ್ಲ.
— ಓದುಗರೊಬ್ಬರು, ಮಾಂತೆರ್ರೇ

ತಂಗೀ,
“ಪೆಟ್ಟಾಗೋದಿಲ್ಲ” ಎಂಬ ಮಾತನ್ನು ನಂಬಬೇಡ. ಗೆಲ್ಲುವವರು ಯಾರೆಂಬುದು ಮೊದಲೇ ಗೊತ್ತಿದ್ದರೂ ನೆಲಕ್ಕೆ ಬೀಳುವ ದೇಹ ನಿಜವಾದದ್ದು. ಗರಡಿಯಿಂದ ಹೋದವರಿಗೆ ಇಲ್ಲೊಂದು ವಿಶೇಷ ಅಪಾಯವೂ ಇದೆ.

ಮಟ್ಟಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಆಟ ಮುಗಿಯಿತು. ಅದಕ್ಕೇ ಪೈಲ್ವಾನನ ಮೈ ಬೀಳುವಾಗ ತಾನಾಗಿಯೇ ಹೊರಳುತ್ತದೆ, ಕೈಯೂರುತ್ತದೆ, ಕತ್ತಿನ ಮೇಲೆ ಸೇತುವೆ ಕಟ್ಟುತ್ತದೆ. ಲೂಚಾದಲ್ಲಿ ಬೆನ್ನು ಕೊಡಬೇಕು. ಅಲ್ಲಿ ಕೈಯೂರಿದರೆ ಮಣಿಕಟ್ಟು ಅಥವಾ ಮೊಣಕೈ ಹೋಗುತ್ತದೆ, ಹೊರಳಿದರೆ ಭುಜದ ಮೂಳೆ. ಸರಿಯಾಗಿ ಬೀಳುವುದು ಹೀಗೆ: ಗದ್ದ ಎದೆಗೆ ಅಂಟಿರಬೇಕು. ಬೆನ್ನಿನ ಮೇಲ್ಭಾಗ ಅಗಲವಾಗಿ ಒಮ್ಮೆಗೇ ತಾಗಬೇಕು, ಸೊಂಟ ಮೊದಲು ತಾಗಬಾರದು. ಎರಡೂ ತೋಳು ಪಕ್ಕೆಯಿಂದ ಸುಮಾರು 45 ಡಿಗ್ರಿ ದೂರದಲ್ಲಿ, ಅಂಗೈ ಕೆಳಗೆ, ಬೆನ್ನಿನ ಜೊತೆಗೇ ನೆಲಕ್ಕೆ ಬಡಿಯಬೇಕು. ಅದೇ ಗಳಿಗೆಗೆ ಉಸಿರು ಹೊರಗೆ ಹೋಗಬೇಕು. ಉಸಿರು ಹಿಡಿದು ಬಿದ್ದವನಿಗೆ ಎದೆ ಕಟ್ಟಿ ಮುಂದಿನ ಪಟ್ಟು ತಪ್ಪುತ್ತದೆ. ಕುಕ್ಕರುಗಾಲಿನಿಂದ ಶುರು ಮಾಡಿ, ನಿಂತು, ಆಮೇಲೆ ಎತ್ತರದಿಂದ ಬೀಳಬೇಕು. ಹಳೆಯ ಅಭ್ಯಾಸ ಮೈಯಿಂದ ಹೋಗಿದೆಯೇ ಎಂದು ಪರೀಕ್ಷಿಸಲು ದಣಿವಾದ ಹೊತ್ತೇ ಸರಿ. ತಾಲೀಮಿನ ಕೊನೆಯಲ್ಲಿ, ಕಾಲು ನಡುಗುವಾಗ ಅವನು ಕೈಯೂರದೆ ಬಿದ್ದರೆ ಮಾತ್ರ ಕಲಿತಂತೆ.

ನೆಲವೂ ಬೇರೆ. ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣು ಮೈಯನ್ನು ಹೀರಿಕೊಳ್ಳುತ್ತದೆ. ಅಲ್ಲಿರುವುದು ಹಲಗೆ, ಮೇಲೆ ತೆಳು ಮೆತ್ತೆ, ಅದರ ಮೇಲೆ ಕ್ಯಾನ್ವಾಸ್.

ಕೆಟ್ಟ ಗಾಯಗಳು ಕಣದ ಹೊರಗೂ ಆಗುತ್ತವೆ. ಹಗ್ಗಗಳ ನಡುವಿನಿಂದ ತಲೆ ಮುಂದಾಗಿ ಹಾರುವ ‘ತೋಪೆ’ಯಲ್ಲಿ ಹಾರುವವನ ಜೀವ ಹಿಡಿಯುವವನ ಕೈಯಲ್ಲಿದೆ. ಹಿಡಿಯುವವನು ಒಂದು ಕಾಲು ಹಿಂದಿಟ್ಟು, ಎರಡೂ ಕೈ ಎತ್ತಿ, ಎದೆಯ ಮೇಲೆ ತೆಗೆದುಕೊಂಡು ಜೊತೆಗೇ ಹಿಂದಕ್ಕೆ ಬೀಳಬೇಕು. ಅರ್ಧ ಹೆಜ್ಜೆ ಸರಿದರೂ ಹಾರಿದವನ ಮುಖ ಸಿಮೆಂಟಿಗೆ. ಆದ್ದರಿಂದ ಮೊದಲ ವರ್ಷ ಜೋಡಿ ಕಟ್ಟಿದವನ ಜೊತೆ ತಾಲೀಮು ಮಾಡದೆ ತೋಪೆ ಹಾರಬಾರದು. ತಲೆ ನೆಲಕ್ಕೆ ಕುಟ್ಟುವ ‘ಮಾರ್ತಿನೇತೆ’ಯನ್ನು ಅಲ್ಲಿ ನಿಷೇಧಿಸಿದ್ದೇ ಕತ್ತಿನ ಭಯಕ್ಕೆ. 2015ರ ಮಾರ್ಚಿನಲ್ಲಿ ತಿಹುವಾನಾದಲ್ಲಿ ಲೂಚಾದೋರ್ ಪೆರ್ರೊ ಆಗ್ವಾಯೊ ಜೂನಿಯರ್ ತೀರಿಕೊಂಡದ್ದು ಹಗ್ಗದ ಬಳಿಯ ದಿನನಿತ್ಯದ ಪಟ್ಟಿನಲ್ಲಿ, ಕತ್ತಿನ ಮೂಳೆ ಮುರಿದು. ಕಣದಲ್ಲಿದ್ದವರಿಗೆ ತಕ್ಷಣ ತಿಳಿಯಲೂ ಇಲ್ಲ. ಬಿದ್ದವನ ಕೈ ಒತ್ತಿ, ಅವನು ತಿರುಗಿ ಒತ್ತದಿದ್ದರೆ ಆಟ ನಿಲ್ಲಿಸುವ ರೂಢಿ ತಮ್ಮನ ಗುರುಮನೆಯಲ್ಲಿ ಇದೆಯೇ, ಕಣದ ಪಕ್ಕ ಸ್ಟ್ರೆಚರ್ ಮತ್ತು ಕತ್ತಿನ ಪಟ್ಟಿ ಇರುತ್ತದೆಯೇ, ವಿಚಾರಿಸು. ಇಲ್ಲವೆಂದರೆ ಗುರುವನ್ನು ಬದಲಿಸಲಿ. ಗ್ವಾದಲಹಾರಾ ಇದಕ್ಕೆ ಬಡ ಊರಲ್ಲ. ಮಿಲ್ ಮಾಸ್ಕರಾಸ್, ಅಟ್ಲಾಂಟಿಸ್ ಇಬ್ಬರನ್ನೂ ತಿದ್ದಿದ ದಿಯಾಬ್ಲೊ ವೆಲಾಸ್ಕೊ ಕಲಿಸಿದ್ದು ಅಲ್ಲೇ.

ಗರಡಿಯ ಸಾಮು ಬಿಡುವುದು ಬೇಡ. ಬಸ್ಕಿ, ದಂಡ, ಗದೆ, ಕತ್ತಿನ ಸಾಮು ಎಲ್ಲವೂ ಅಲ್ಲಿ ಒದಗುತ್ತವೆ. ಆದರೆ ಮೆಕ್ಸಿಕೊ ನಗರ ಸಮುದ್ರಮಟ್ಟದಿಂದ 2240 ಮೀಟರ್ ಎತ್ತರದಲ್ಲಿದೆ. ಗ್ವಾದಲಹಾರಾದ ದಮ್ಮು ಅಲ್ಲಿ ಸಾಲದು. ಮೂರರಲ್ಲಿ ಎರಡು ಸುತ್ತು ಗೆಲ್ಲಬೇಕಾದ, ಹೊತ್ತಿನ ಮಿತಿಯಿಲ್ಲದ ಪಂದ್ಯವನ್ನು ಮುಖವಾಡದೊಳಗೆ ಆಡಬೇಕು. ತಾಲೀಮನ್ನೂ ಮುಖವಾಡ ತೊಟ್ಟೇ ಮಾಡಲಿ.
— ಹಿರಿಯ ಓದುಗರು, ಧಾರವಾಡ

ಮೇಡಂ,
ಆಂಜನೇಯನ ಮುಖ ಬೇಡ. ‘ರೂದೊ’ಗಳು, ಅಂದರೆ ಖಳನ ಪಾತ್ರದ ಕುಸ್ತಿಪಟುಗಳು, ಎದುರಾಳಿಯ ಮುಖವಾಡವನ್ನು ಹರಿಯುತ್ತಾರೆ, ತುಳಿಯುತ್ತಾರೆ. ಪೂರ್ತಿ ಕಿತ್ತರೆ ಅನರ್ಹರಾಗುತ್ತಾರೆ, ನಿಜ, ಆದರೆ ಅಷ್ಟರಲ್ಲಿ ಹರಿದಿರುತ್ತದೆ. ಗರಡಿಯಲ್ಲಿ ಕೈಮುಗಿದು ಒಳಗೆ ಹೋದವನಿಗೇ ಅದನ್ನು ನೋಡಲಾಗುವುದಿಲ್ಲ. ಆ ವಿಡಿಯೊ ಊರಿಗೆ ಬಂದರೆ ಅಪ್ಪ ಅಮ್ಮನ ಗತಿಯೇನು? ಎರಡು ಬಣ್ಣ, ಒಂದೇ ಗುರುತು ಸಾಕು. ಕೊನೆಯ ಸಾಲಿನಲ್ಲಿ ಕೂತವರಿಗೂ ಓದಿಸಿಕೊಳ್ಳುವ ಗುರುತೇ ಒಳ್ಳೆಯ ಗುರುತು.
— ಓದುಗರು, ಮೈಸೂರು

ನಮಸ್ಕಾರ,
ಹೊಲಿಗೆಯ ಬಗ್ಗೆ ಮಾತ್ರ ಬರೆಯುತ್ತೇನೆ. ಕ್ರೀಡಾಂಗಣದ ಹೊರಗೆ ಮಾರುವ ಮುಖವಾಡ ಅಭಿಮಾನಿಗಳಿಗೆ. ಅದು ಕಣದಲ್ಲಿ ತಿರುಗಿ ಒಂದು ಕಣ್ಣನ್ನು ಮುಚ್ಚಿಬಿಡುತ್ತದೆ, ಹಗ್ಗ ಎಷ್ಟು ದೂರವಿದೆ ಎಂಬ ಅಂದಾಜು ತಪ್ಪುತ್ತದೆ. 1934ರಲ್ಲಿ ಕುಸ್ತಿಪಟು ಸೈಕ್ಲೋನ್ ಮ್ಯಾಕಿಗೆ ಮುಖವಾಡ ಮಾಡಿಕೊಟ್ಟ ಆಂತೋನಿಯೊ ಮಾರ್ತೀನೆಸ್ ಬೂಟು ಹೊಲಿಯುವವರಾಗಿದ್ದರು. ತಲೆಯ ಹಿಂಭಾಗದಲ್ಲಿ ಬೂಟಿನಂತೆ ಲೇಸ್ ಬಿಗಿಯುವ ಕ್ರಮ ಇಂದಿಗೂ ಇದೆ. ಅಳತೆಗಳು: ಹಣೆಯ ಸುತ್ತು, ಗದ್ದದಿಂದ ನೆತ್ತಿ ಸುತ್ತಿ ಮತ್ತೆ ಗದ್ದ, ಮೂಗಿನ ಮೇಲಿಂದ ಕಿವಿಯಿಂದ ಕಿವಿಗೆ, ಎರಡು ಕಣ್ಣಿನ ನಡುವಿನ ಅಂತರ, ಮೂಗಿನ ಬುಡದಿಂದ ಗದ್ದ, ಕತ್ತಿನ ಸುತ್ತು. ಕೂದಲು ಕತ್ತರಿಸಿದ ಮೇಲೆ ಅಳೆಯಬೇಕು.

ಬಟ್ಟೆ ಅಡ್ಡಕ್ಕೆ ಹಿಗ್ಗುವ ಲೈಕ್ರಾ ಇರಲಿ. ಕಣ್ಣು ಬಾಯಿಯ ಸುತ್ತ ರೆಕ್ಸಿನ್ ಪಟ್ಟಿ ಅಂಟಿಸಿ ಜಿಗ್‌ಜಾಗ್ ಹೊಲಿಗೆ ಹಾಕಬೇಕು. ನೇರ ಹೊಲಿಗೆಯಾದರೆ ಬಟ್ಟೆ ಹಿಗ್ಗಿದಾಗ ನೂಲು ತುಂಡಾಗುತ್ತದೆ. ಲೇಸಿನ ಕೆಳಗೆ ನಾಲಿಗೆಯಂಥ ಪಟ್ಟಿ ಇಲ್ಲದಿದ್ದರೆ ಕೂದಲು ಸಿಕ್ಕಿಕೊಳ್ಳುತ್ತದೆ. ಎರಡು ಗಂಟು ಹಾಕಿ ತುದಿಗಳನ್ನು ಒಳಗೆ ತೂರಿಸಬೇಕು, ಹೊರಗೆ ತೂಗಿದರೆ ಎದುರಾಳಿಯ ಕೈಗೆ ಸಿಗುತ್ತದೆ. ಕಣ್ಣಿನ ತೂತು ಕೆಳಕ್ಕೆ ಸ್ವಲ್ಪ ಅಗಲವಾಗಿರಲಿ. ಮೂಲೆಯ ಹಗ್ಗದ ಮೇಲೆ ನಿಂತವನಿಗೆ ತನ್ನ ಪಾದ ಕಾಣಬೇಕು. ಹೊಲಿಸುವುದಾದರೆ ಕನಿಷ್ಠ ಮೂರು: ಒಂದು ತಾಲೀಮಿಗೆ, ಒಂದು ಪಂದ್ಯಕ್ಕೆ, ಒಂದು ಹರಿದರೆಂದು ಚೀಲದಲ್ಲಿ. ಪ್ರತಿ ಸಲವೂ ಒಳಮಗ್ಗುಲು ಹೊರಗೆ ಮಾಡಿ, ತಣ್ಣೀರಿನಲ್ಲಿ ಸೌಮ್ಯ ಸೋಪಿನಿಂದ ಕೈಯಲ್ಲೇ ತೊಳೆದು ನೆರಳಿಗೆ ಹಾಕಲಿ. ಬಿಸಿಲಿಗೆ ರೆಕ್ಸಿನ್ ಬಿರಿಯುತ್ತದೆ, ಒದ್ದೆ ಮುಖವಾಡದಿಂದ ಹುಳುಕಡ್ಡಿ ಹತ್ತುತ್ತದೆ.
— ಟೈಲರ್, ಹುಬ್ಬಳ್ಳಿ