ಅಪ್‌ಡೇಟ್: ಮಗನ ಎಡಿಎಚ್‌ಡಿ ಪರೀಕ್ಷೆ ಕೊನೆಗೂ ಆಯಿತು

ಎರಡನೇ ಕ್ಲಾಸಿನ ಮಗನನ್ನು ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿಯಾದ ಚಡಪಡಿಕೆ ಇರುವ ತೊಂದರೆ) ಪರೀಕ್ಷೆಗೆ ಬೆಂಗಳೂರಲ್ಲಿ ಎಲ್ಲಿ ತೋರಿಸಬೇಕು ಅಂತ ಕೇಳಿದ್ದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗಕ್ಕೆ ಹೋಗಿ ಅಂದವರಿಗೆ ತುಂಬಾ ಥ್ಯಾಂಕ್ಸ್, ಕೆಲಸಕ್ಕೆ ಬಂದಿದ್ದು ಅದೇ. ಇಡೀ ದಿನ ಹಿಡಿಯಿತು. ತಿಂಡಿ, ನೀರು, ಬಣ್ಣದ ಪೆನ್ಸಿಲ್ ಜೊತೆಗಿರಲಿ.

ಬ್ರೇನ್ ಸ್ಕ್ಯಾನ್ ಮಾಡಿಸಿ ಅನ್ನುವ ಸಲಹೆ ಬೇಕಾಗಲಿಲ್ಲ. ಸ್ಕ್ಯಾನಿನಲ್ಲೋ ರಕ್ತಪರೀಕ್ಷೆಯಲ್ಲೋ ಇದು ಗೊತ್ತಾಗುವುದಿಲ್ಲ. ಆನ್‌ಲೈನ್ ಕ್ವಿಜ್ ಸುಮ್ನೆ ಭಯ ಜಾಸ್ತಿ ಮಾಡಿತು, ಅಷ್ಟೆ.

ನನಗೆ ಗೊತ್ತೇ ಇರದ ವಿಷಯ ಅಂದರೆ, ಎಡಿಎಚ್‌ಡಿ ಅನ್ನಬೇಕಾದರೆ ಲಕ್ಷಣಗಳು 12 ವರ್ಷದೊಳಗೆ ಶುರುವಾಗಿರಬೇಕು, ಕನಿಷ್ಠ 6 ತಿಂಗಳಿಂದ ಇರಬೇಕು, ಅದೂ ಬರೀ ಮನೆಯಲ್ಲಿ ಕಂಡರೆ ಸಾಲದು, ಶಾಲೆಯಂಥ ಇನ್ನೊಂದು ಕಡೆಯೂ ಕಾಣಬೇಕು. ಅದಕ್ಕೇ ಟೀಚರ್ ತುಂಬಿದ ಫಾರ್ಮ್ ಕೇಳುತ್ತಾರೆ. ನಮ್ಮ ಶಾಲೆಯವರು ಎರಡು ವಾರ ಸತಾಯಿಸಿದರು. ನೀವು ಮೊದಲೇ ಕೇಳಿಟ್ಟುಕೊಳ್ಳಿ. ಡಾಕ್ಟರ್ ನಿದ್ದೆ, ಕಿವಿ, ಕಣ್ಣು ಎಲ್ಲ ವಿಚಾರಿಸಿದರು. ಇವು ಸರಿಯಿಲ್ಲದಿದ್ದರೂ ಮಗು ಹೀಗೇ ಕಾಣಬಹುದಂತೆ.

ಎಡಿಎಚ್‌ಡಿ ಹೌದು ಅಂದರು. ಗಲಾಟೆಗಿಂತ ಗಮನ ಕೊಡಲಾಗದ ತೊಂದರೆಯೇ ಜಾಸ್ತಿ. "ಗಂಡು ಹುಡುಗರು ಹಾಗೇ ಕಣಮ್ಮಾ" ಅನ್ನುತ್ತಿದ್ದ ಅತ್ತೆಯೂ ಜೊತೆಗೆ ಬಂದು ಕೇಳಿಸಿಕೊಂಡರು, ಈಗ ಅವನನ್ನು ಸೋಮಾರಿ ಅನ್ನುವುದಿಲ್ಲ. ನನಗೆ ಅಳುವೇ ಬಂತು. ಸದ್ಯ ಮಾತ್ರೆ ಶುರುವಾಗಿಲ್ಲ. ಮುಂದಿನ ವಾರದಿಂದ ನಮಗೇ, ಅಂದರೆ ಅಪ್ಪ ಅಮ್ಮನಿಗೆ, ತರಬೇತಿ ಇದೆ.