ಅಘನಾಶಿನಿಯಲ್ಲಿ ಬಳಚು (ಚಿಪ್ಪುಮೀನು) ಹೇರಳ, ಶರಾವತಿಯಲ್ಲಿ ಯಾಕಿಲ್ಲ?

ಅಳಿವೆದಂಡೆ:
ಎರಡೂ ಘಟ್ಟದಿಂದ ಇಳಿಯುವ ನದಿಗಳೇ. ಒಂದು ತದಡಿಯ ಬಳಿ, ಇನ್ನೊಂದು ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಮಳೆಯೂ ಹೆಚ್ಚುಕಡಿಮೆ ಒಂದೇ. ಆದರೂ ಬಳಚು ಅಘನಾಶಿನಿಯಲ್ಲಿ ಸಿಕ್ಕಷ್ಟು ಶರಾವತಿಯಲ್ಲಿ ಸಿಗುವುದಿಲ್ಲ. ಅಣೆಕಟ್ಟಿನಿಂದ ಸಿಹಿನೀರು ಕಡಿಮೆಯಾಗಿ, ಉಪ್ಪು ಏರಿ ಸತ್ತಿರಬಹುದೇ?

ಕಾನುಹಳ್ಳ:
ಉಲ್ಟಾ, ಅಲ್ಲಿ ಉಪ್ಪೇ ಸಾಲದು. 1964ರ ಲಿಂಗನಮಕ್ಕಿ ಅಣೆಕಟ್ಟು ಮಳೆಗಾಲದ ನೀರನ್ನು ಹಿಡಿದಿಟ್ಟು ವರ್ಷವಿಡೀ ಬಿಡುತ್ತದೆ. 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರ ದಾಟಿದ ನೀರು ಗೇರುಸೊಪ್ಪೆಯ 240 ಮೆಗಾವಾಟ್ ಯಂತ್ರಗಳನ್ನು ತಿರುಗಿಸಿ ಅಳಿವೆಗೆ ಹರಿಯುತ್ತದೆ. ಹೀಗಾಗಿ ಕಡುಬೇಸಿಗೆಯಲ್ಲೂ ಸಿಹಿನೀರು ಉಪ್ಪುನೀರನ್ನು ಕೆಳಕ್ಕೆ ದೂಡುತ್ತಲೇ ಇರುತ್ತದೆ. ಅಘನಾಶಿನಿಗೆ ಅಣೆಕಟ್ಟೇ ಇಲ್ಲ. ಮಳೆಗಾಲದಲ್ಲಿ ಉಪ್ಪು ತೊಳೆದುಹೋದರೂ ಮಳೆ ನಿಂತಮೇಲೆ ಭರತದ (ಕಡಲ ಉಬ್ಬರದ) ಜೊತೆ ಹಂತಹಂತವಾಗಿ ಮರಳಿ ಏರುತ್ತದೆ. ಬಳಚು ಬೆಳೆಯುವುದು ಈ ಏರಿಳಿತಕ್ಕೆ ಒಗ್ಗಿಕೊಂಡೇ.

ಬೇಸಿಗೆಯಲ್ಲಿ ಈ ನದಿಗಳ ಮೇಲ್ಭಾಗ ಪೂರ್ತಿ ಒಣಗದಿರಲು ಕಾರಣ ಘಟ್ಟದ ನಿತ್ಯಹರಿದ್ವರ್ಣ ಕಾಡು. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ರಾಮಪತ್ರೆ ಮರಗಳ ಜೌಗಿನಲ್ಲಿ ಬೇರುಗಳು ಮೊಣಕಾಲಿನಂತೆ ಕೆಸರಿನಿಂದ ಮೇಲೆದ್ದಿರುತ್ತವೆ. ಹಳ್ಳ ಬತ್ತಿದರೆ ಆ ಮರಗಳು ಉಳಿಯುವುದಿಲ್ಲ.

ಗಜನಿಬದು:
ಉಪ್ಪಿನ ಇದೇ ಏರಿಳಿತದ ಮೇಲೆ ಉಪ್ಪು ತಾಳುವ ಕಗ್ಗ ಭತ್ತವೂ ನಿಂತಿದೆ. ಮೊದಲ ಮಳೆಗಳು ಗಜನಿಯ (ಅಳಿವೆಯಂಚಿನ ಉಪ್ಪುನೆಲದ ಗದ್ದೆಯ) ಉಪ್ಪು ತೊಳೆದಮೇಲೆ ಮೊಳಕೆ ಬರಿಸಿದ ಬೀಜ ಬಿತ್ತುತ್ತಾರೆ. ಕೊಯ್ಲಾದ ಮೇಲೆ ಬದುವಿನ ಬಾಗಿಲು ತೆಗೆದು ಉಪ್ಪುನೀರು ಬಿಟ್ಟರೆ ಮೀನು, ಸೀಗಡಿ. ಕೆಡುವುದು ಬದುವಿನಲ್ಲಿ: ಏಡಿ ಕೊರೆದ ತೂತನ್ನು ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಭರತಕ್ಕೆ ಮೊದಲೇ ಮುಚ್ಚದಿದ್ದರೆ ಬದು ಒಡೆಯುತ್ತದೆ. ಕಗ್ಗ ಸ್ವಲ್ಪ ದಿನ ಮುಳುಗಿದರೂ ತಾಳಿಕೊಳ್ಳುತ್ತದೆ, ಬೇರೆ ತಳಿಗಳು ಕೈಕೊಡುತ್ತವೆ.

ಅಳಿವೆದಂಡೆ:
ಹಾಗಾದರೆ ಅಘನಾಶಿನಿಯ ಬಳಚಿಗೆ ಅಪಾಯವಿಲ್ಲವೆ?

ಕಾನುಹಳ್ಳ:
ಇದೆ. ಅಳಿವೆಗೆ 2024ರಲ್ಲಿ ರಾಮ್ಸರ್ ಪಟ್ಟ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ಮಾನ್ಯತೆ) ಸಿಕ್ಕಿದೆ, ಆದರೆ ಪಟ್ಟ ತಳವನ್ನು ಕಾಯುವುದಿಲ್ಲ. ಸುಣ್ಣಕ್ಕೆಂದು ಹಳೆಯ ಚಿಪ್ಪನ್ನು ತಳದಿಂದ ಅಗೆದರೆ ಮರಿಗಳೂ ಜೊತೆಗೇ ಹೋಗುತ್ತವೆ. ಇಳಿತದಲ್ಲಿ ಕೈಯಿಂದ ಆಯುವವರು ಸಣ್ಣದನ್ನು ಅಲ್ಲೇ ಬಿಡಬಹುದು, ಯಂತ್ರಕ್ಕೆ ಆ ಆಯ್ಕೆಯಿಲ್ಲ.

ಉಪ್ಪನ್ನು ನೀವೇ ಅಳೆಯುವುದಾದರೆ ರಿಫ್ರಾಕ್ಟೋಮೀಟರ್ ಸಾಕು. ಎರಡೂ ಅಳಿವೆಗಳಲ್ಲಿ ಏಪ್ರಿಲ್‌ನಲ್ಲಿ, ಭರತದ ತುದಿಯಲ್ಲಿ, ನದಿ ಕಡಲು ಸೇರುವ ಬಾಯಿಯಿಂದ ಒಂದೇ ದೂರದಲ್ಲಿ ನೀರು ತೆಗೆಯಿರಿ. ಕಡಲ ನೀರು ಸಾವಿರಕ್ಕೆ ಸುಮಾರು 35 ಭಾಗ ತೋರಿಸುತ್ತದೆ. ಮೇಲ್ಮೈಯದಷ್ಟೇ ನೋಡಿ ತೀರ್ಮಾನಿಸಬೇಡಿ, ಭಾರದ ಉಪ್ಪುನೀರು ಅಡಿಯಲ್ಲಿರುತ್ತದೆ; ಬಳಚು ಇರುವುದೂ ಅಲ್ಲೇ.