ವೈನ್ ಇಡುವ ನೆಲದಡಿಯ ಗವಿಗೆ ‘ಹಗೇವು’ ಎನ್ನಬಹುದೇ?

ಎಲ್ಲರಿಗೂ ಮಡಿಕೇರಿಯಿಂದ ನಮಸ್ಕಾರ. ಪ್ರವಾಸದ ಬಗ್ಗೆ ಬರೆಯುತ್ತಾ ಒಂದು ಪದಕ್ಕಾಗಿ ಹದಿನೈದು ದಿನದಿಂದ ಒದ್ದಾಡುತ್ತಿದ್ದೇನೆ, ಬಲ್ಲವರು ನೆರವಾಗಬೇಕು. (ಹಗೇವು ಎಂದರೆ ಕಾಳು ಕೂಡಿಡಲು ನೆಲದಲ್ಲಿ ತೋಡುವ ಗುಂಡಿ.)

ಮಗಳ ಜೊತೆ ಸ್ಪೇನಿನ ಲಾಗ್ವಾರ್ದಿಯಾಕ್ಕೆ ಹೋಗಿ ಬಂದೆ. ರಿಯೋಹಾ ವೈನಿನ ಸೀಮೆಯಲ್ಲಿ ಗುಡ್ಡದ ನೆತ್ತಿಯ ಮೇಲಿರುವ ಪುಟ್ಟ ಊರು ಅದು. ಸುತ್ತ ಕಲ್ಲಿನ ಗೋಡೆ, ಐದು ಬಾಗಿಲು, ಒಳಗೆ ಉದ್ದಕ್ಕೆ ಮೂರು ಇಕ್ಕಟ್ಟಾದ ಬೀದಿ. ನವಾರಾ ರಾಜ್ಯದ ಗಡಿ ಕಾಯಲು ಇದ್ದ ಊರಾದ್ದರಿಂದ ಹೆಸರಿನಲ್ಲೇ ‘ಕಾವಲು’ ಇದೆ. 1164ರಲ್ಲಿ ದೊರೆ ಆರನೆಯ ಸಾಂಚೋ ಈ ಊರಿಗೆ ಹಕ್ಕುಗಳ ಸನ್ನದು ಕೊಟ್ಟ. ಗೋಡೆಯ ಹೊರಗೆ ಕಣ್ಣು ಹಾಯುವಷ್ಟೂ ದ್ರಾಕ್ಷಿ.

ಇಂಥ ಜಾಗಕ್ಕೆ ‘ದ್ರಾಕ್ಷಿ ಸೀಮೆ’ ಎಂದೇ ಬರೆದುಕೊಂಡಿದ್ದೇನೆ. ‘ನಾಡು’ ಎಂದರೆ ಕೊಡಗಿನವರಿಗೆ ಬೇರೆಯದೇ ಲೆಕ್ಕ, ಅದು ಇಷ್ಟಿಷ್ಟು ಊರುಗಳ ಕಟ್ಟು. ‘ತೋಟ’ ಎಂದಷ್ಟೇ ಬರೆದರೆ ಇಲ್ಲಿ ಎಲ್ಲರೂ ಕಾಫಿ ಎಂದುಕೊಳ್ಳುತ್ತಾರೆ. ಸೀಮೆಯಾದರೆ ಕೊಡಗಿನದೇ ಏಳುಸಾವಿರ ಸೀಮೆಯಿಂದ ನಮಗೆ ಪರಿಚಯದ ಮಾತು. ‘ದ್ರಾಕ್ಷಾರಸ’ವನ್ನು ಕೈಬಿಟ್ಟೆ. ಕನ್ನಡ ಬೈಬಲಿನಲ್ಲಿ ಅದು ವೈನೇ ಹೌದು, ಆದರೆ ಇವತ್ತು ಓದುವವರಿಗೆ ಜ್ಯೂಸ್ ನೆನಪಾಗುತ್ತದೆ. ಮಡಿಕೇರಿಯ ಅಂಗಡಿಗಳ ಬೋರ್ಡಿನಲ್ಲೂ ‘ಹೋಂಮೇಡ್ ವೈನ್’ ಎಂದೇ ಇದೆಯಲ್ಲ, ಇರಲಿ.

ತೊಡಕು ಬಂದದ್ದು ನೆಲದ ಕೆಳಗೆ. ಆ ಊರಿನ ಮನೆಗಳ ಅಡಿಯಲ್ಲಿ ಇನ್ನೂರಕ್ಕೂ ಹೆಚ್ಚು ಗವಿಗಳಿವೆ, ಎಲ್ಲವೂ ಕೈಯಿಂದ ತೋಡಿದವು. ಮೇಲೆ ಭಾರ ಬೀಳಬಾರದೆಂದು ಕೋಟೆಯೊಳಗೆ ವಾಹನ ಓಡಾಟಕ್ಕೆ ಕಡಿವಾಣವಿದೆ. ಮೆಟ್ಟಿಲಿಳಿದು ಹೋದರೆ ಕಮಾನಿನಂಥ ಸೂರು, ಒದ್ದೆ ಕಲ್ಲಿನ ವಾಸನೆ, ಸಾಲಾಗಿ ಮರದ ಪೀಪಾಯಿಗಳು. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ನಾನು ಶಾಲು ಹೊದ್ದುಕೊಂಡೆ.

ಇದಕ್ಕೆ ಏನೆನ್ನಬೇಕು? ‘ನೆಲಮಾಳಿಗೆ’ ಎಂದರೆ ಮನೆ ಕಟ್ಟುವಾಗಲೇ ಕಟ್ಟಿದ ಕೋಣೆ. ‘ಗುಹೆ’ ತಾನಾಗಿ ಆದದ್ದು. ‘ಸುರಂಗ’ ಎಂದರೆ ನಮ್ಮ ಘಟ್ಟದ ಕೆಳಗಿನವರು ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗವನ್ನೇ ನೆನೆಯುತ್ತಾರೆ. ನೆಲ ತೋಡಿದ್ದಕ್ಕೆ ಕೊಡಗಿನದೇ ಒಂದು ಒಳ್ಳೆಯ ಪದ ‘ಕಡಂಗ’. ವಿರಾಜಪೇಟೆ ಕಡೆ ಆ ಹೆಸರಿನ ಊರೇ ಇದೆ. ಆದರೆ ಕಡಂಗವೆಂದರೆ ಗುಡ್ಡದ ಮೇಲೆ ಮೈಲಿಗಟ್ಟಲೆ ಸಾಗುವ ಹಳೆಯ ಕಾಳಗದ ಅಗಳು. ಅದಕ್ಕೆ ಸೂರಿಲ್ಲ.

ಫೋಟೋ ನೋಡುತ್ತಿದ್ದ ನಮ್ಮ ಅತ್ತೆಯವರು ತಟ್ಟನೆ, “ಹಗೇವು ಅಲ್ವೇನಮ್ಮಾ ಇದು?” ಅಂದರು. ಅವರ ತವರು ಅರಸೀಕೆರೆ ಕಡೆ. ಕೊಡಗಿನವಳಾದ ನಾನು ಹಗೇವನ್ನು ಕಂಡವಳಲ್ಲ. ಇಲ್ಲಿನ ಮಳೆಗೆ ಗುಂಡಿ ತೋಡಿದರೆ ಕಾಳಿನ ಬದಲು ನೀರು ನಿಲ್ಲುತ್ತದೆ, ನಮ್ಮ ಭತ್ತ ಮನೆಯೊಳಗಿನ ಪತ್ತಾಯದಲ್ಲೇ, ಅಂದರೆ ಮರದ ಕಣಜದಲ್ಲೇ. ಹಾಗಾಗಿ ಅತ್ತೆಯವರನ್ನೇ ಕೇಳಿ ಬರೆದುಕೊಂಡೆ: ಬಾಯಿ ಕಿರಿದು, ಹೊಟ್ಟೆ ಅಗಲ; ಸುತ್ತ ಹುಲ್ಲು ಒತ್ತಿ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತುವುದು. ವರ್ಷಗಟ್ಟಲೆ ಕೆಡುವುದಿಲ್ಲ.

ಆಮೇಲೆ ಅವರು ಹೇಳಿದ ಇನ್ನೊಂದು ಮಾತಿನಿಂದಲೇ ಈ ಪದ ನನಗೆ ಹಿಡಿಸಿಬಿಟ್ಟಿತು. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯಬಾರದು. ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡಬೇಕು; ದೀಪ ಆರಿದರೆ ಮನುಷ್ಯನೂ ಉಳಿಯುವುದಿಲ್ಲ. ಮುಚ್ಚಿಟ್ಟ ಕಾಳು ಉಸಿರಾಡಿ ಆಮ್ಲಜನಕ ಮುಗಿದು, ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಹುಳ ಸಾಯುವುದೂ ಅದರಿಂದಲೇ. ವೈನಿನ ಗವಿಯಲ್ಲೂ ಇದೇ ಭಯ! ದ್ರಾಕ್ಷಿ ಹುದುಗುವಾಗ ಅದೇ ಗಾಳಿ ಹೊಮ್ಮಿ ತಳದಲ್ಲಿ ನಿಲ್ಲುತ್ತದೆ. ಅದಕ್ಕೇ ಗವಿಗಳಿಗೆ ಉಸಿರುಗಂಡಿ ಇಡುತ್ತಾರೆ, ಹಿಂದೆ ಕೆಲಸದವರು ಮೇಣದ ಬತ್ತಿ ಹಿಡಿದೇ ಇಳಿಯುತ್ತಿದ್ದರು. ಅರಸೀಕೆರೆಯ ರೈತನಿಗೂ ಲಾಗ್ವಾರ್ದಿಯಾದ ದ್ರಾಕ್ಷಿ ಬೆಳೆಗಾರನಿಗೂ ದೀಪವೇ ಕಾವಲು.

ಆದರೂ ಅಳುಕಿದೆ. ಹಗೇವಿಗೆ ಮೆಟ್ಟಿಲಿಲ್ಲ, ಒಳಗೆ ನಿಂತು ಕೆಲಸ ಮಾಡುವ ಜಾಗವೂ ಅಲ್ಲ. ‘ವೈನ್ ಹಗೇವು’ ಎಂದು ಬರೆದರೆ ಬಯಲುಸೀಮೆಯ ಓದುಗರು ಪೀಪಾಯಿಯನ್ನು ಹಗ್ಗ ಕಟ್ಟಿ ಇಳಿಸಿದಂತೆ ಕಲ್ಪಿಸಿಕೊಂಡಾರು. ‘ಹಗೆ’ ಎಂಬ ಮೊಟಕು ರೂಪವೂ ಇದೆ, ಆದರೆ ಅದು ವೈರದ ಹಗೆಯ ಜೊತೆ ಕಲೆಸಿಹೋಗುತ್ತದೆ. ‘ನೆಲಗವಿ’ ಎಂದು ಹೊಸದಾಗಿ ಕಟ್ಟಬಹುದು. ಅರ್ಥವಾಗುತ್ತದೆ, ಆದರೆ ಅದರಲ್ಲಿ ಏನನ್ನೋ ಕೂಡಿಟ್ಟ ಸುಳಿವಿಲ್ಲ. ನನ್ನ ಒಲವು ಹಗೇವಿನ ಕಡೆಗೇ.

ತಿಳಿಯಬೇಕಾದದ್ದು ಎರಡು. ನಿಮ್ಮ ಕಡೆ ಕಾಳಲ್ಲದೆ ಬೆಲ್ಲ, ಎಣ್ಣೆ, ಹಣ ಹೀಗೆ ಬೇರೇನನ್ನಾದರೂ ಇಡುವ ಗುಂಡಿಗೆ ‘ಹಗೇವು’ ಎಂದದ್ದನ್ನು ಕೇಳಿದ್ದೀರಾ? ಮತ್ತೆ, ಅದರ ಜೊತೆ ಬರುವ ಕ್ರಿಯಾಪದ ಯಾವುದು? ಅತ್ತೆಯವರು ‘ಹಗೇವು ತೆಗೆಯೋದು’ ಅನ್ನುತ್ತಾರೆ, ಅದು ಹೊಸದಾಗಿ ತೋಡುವುದಕ್ಕೂ ಆಯಿತು, ಮುಚ್ಚಿದ್ದನ್ನು ತೆರೆಯುವುದಕ್ಕೂ ಆಯಿತು. ಇವೆರಡನ್ನೂ ಬೇರೆ ಬೇರೆ ಮಾತಿನಲ್ಲಿ ಹೇಳುವ ಊರು ಯಾವುದಾದರೂ ಇದ್ದರೆ ದಯವಿಟ್ಟು ಊರಿನ ಹೆಸರಿನ ಸಮೇತ ತಿಳಿಸಿ.